ಕರ್ತವ್ಯವೂ ವಕೀಲನದು, ದಂಡವೂ ವಕೀಲನದೇ?

ಕರ್ತವ್ಯವನ್ನು ವಿಧಿಸುವ ಕಾನೂನು, ಅದನ್ನು ಪಾಲಿಸಿದವನನ್ನು ಕಾಪಾಡಬೇಡವೆ? ಅಮೆರಿಕದ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಬಾಲಾ–ಗ್ಯಾಂಬ್ರೊ ಮೊಕದ್ದಮೆಯಲ್ಲಿ ನೀಡಿದ ತೀರ್ಪು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಮೂತ್ರಪಿಂಡ ರೋಗಿಗಳ ರಕ್ತವನ್ನು ಶುದ್ಧಿಗೊಳಿಸುವ ಡಯಾಲಿಸಿಸ್ ಉಪಕರಣಗಳನ್ನು ಗ್ಯಾಂಬ್ರೊ ಮಾರುತ್ತಿತ್ತು. ಮೊಕದ್ದಮೆಯ ದಾಖಲೆಯಂತೆ, 1985ರಲ್ಲಿ ಜರ್ಮನಿಯ ಸೋದರ ಸಂಸ್ಥೆಯಿಂದ ಬರಲಿದ್ದ ಸರಕು ಸರ್ಕಾರದ ನಿಯಮಗಳಿಗೆ ಅನುಗುಣವಾಗಿಲ್ಲವೆಂದು ಸಂಸ್ಥೆಯ ಸಂಬಳದ ವಕೀಲರು ಅಧ್ಯಕ್ಷರಿಗೆ ತಿಳಿಸಿದರು. ಸರಕನ್ನು ಮೊದಲು ನಿರಾಕರಿಸಿದ ಅಧ್ಯಕ್ಷರು ಅನಂತರ ಒಪ್ಪಿಕೊಂಡರು. ಮಾರಾಟವನ್ನು ತಡೆಯಲು ಅಗತ್ಯವಾದುದೆಲ್ಲವನ್ನೂ ಮಾಡುವೆನೆಂದು ವಕೀಲರು ಹೇಳಿದರು. ಸೆಪ್ಟೆಂಬರಿನಲ್ಲಿ ಅವರನ್ನು ವಜಾ ಮಾಡಲಾಯಿತು. ಮರುದಿನ ಅವರು ಆಹಾರ ಮತ್ತು ಔಷಧ ಆಡಳಿತಕ್ಕೆ ವಿಷಯ ಮುಟ್ಟಿಸಿದರು; ಸರಕು ಜಪ್ತಿಯಾಯಿತು.

ಪರಿಹಾರ ಕೋರಿದ ವಕೀಲರಿಗೆ ನ್ಯಾಯಾಲಯವು ಬಾಗಿಲು ಮುಚ್ಚಿತು. ಪ್ರಾಣಾಪಾಯವನ್ನು ತಡೆಯಲು ಕಕ್ಷಿದಾರನ ಗುಟ್ಟನ್ನು ಹೊರಗೆಡಹುವುದು ವಕೀಲನಿಗೆ ಕಡ್ಡಾಯ. ಆದ್ದರಿಂದ ಜನಹಿತಕ್ಕೆ ಈಗಾಗಲೇ ರಕ್ಷಣೆಯಿದೆ, ಬೇರೆ ರಕ್ಷಣೆ ಬೇಡ, ಎಂಬುದು ಅದರ ವಾದ. ಇಂಥ ದಾವೆಗೆ ಅವಕಾಶವಿತ್ತರೆ ಸಂಸ್ಥೆಗಳು ತಮ್ಮ ವಕೀಲರೊಡನೆ ಮನಬಿಚ್ಚಿ ಮಾತನಾಡಲಾರವೆಂದೂ ಅದು ಹೇಳಿತು.

ಎರಡನೆಯ ಆತಂಕವು ಸುಳ್ಳಲ್ಲ. ಗುಟ್ಟು ಉಳಿಯುವುದೆಂಬ ನಂಬಿಕೆಯಿಲ್ಲದೆ ಯಾರೂ ವಕೀಲನ ಬಳಿ ಸತ್ಯ ನುಡಿಯರು. ಆದರೆ ಪ್ರಾಣಾಪಾಯದ ಸಂದರ್ಭದಲ್ಲಿ ಗುಟ್ಟನ್ನು ಮುರಿಯಬೇಕೆಂದು ನಿಯಮವೇ ಹೇಳಿದ ಮೇಲೆ, ಹಾಗೆ ಮಾಡಿದವನ ಜೀವನೋಪಾಯವನ್ನು ಕಾಪಾಡುವುದರಿಂದ ಹೊಸದಾಗಿ ಕೆಡುವ ನಂಬಿಕೆ ಯಾವುದು? ಇದೇ ನ್ಯಾಯಾಲಯವು 1981ರಲ್ಲಿ, ಅಪರಾಧದ ಸುಳಿವನ್ನು ಪೊಲೀಸರಿಗೆ ಕೊಟ್ಟು ಕೆಲಸ ಕಳೆದುಕೊಂಡೆನೆಂದ ಸಾಮಾನ್ಯ ನೌಕರನೊಬ್ಬನ ದಾವೆಯನ್ನು ಮಾನ್ಯ ಮಾಡಿತ್ತು. ಹೇಳಲು ಬದ್ಧನಲ್ಲದವನಿಗೆ ಆಸರೆ, ಹೇಳಲೇಬೇಕಾದವನಿಗೆ ಬೀದಿ! ನೀತಿನಿಯಮವಿದ್ದ ಮಾತ್ರಕ್ಕೆ ಅದು ಪಾಲನೆಯಾಗುವುದೆಂಬುದು ವಾಸ್ತವಕ್ಕೆ ದೂರವೆಂದು ನ್ಯಾಯಮೂರ್ತಿ ಫ್ರೀಮನ್ ತಮ್ಮ ಭಿನ್ನಮತದಲ್ಲಿ ಎಚ್ಚರಿಸಿದುದು ಯುಕ್ತವಾಗಿಯೇ ಇದೆ.

1994ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ಜನರಲ್ ಡೈನಾಮಿಕ್ಸ್ ಮೊಕದ್ದಮೆಯಲ್ಲಿ ಮಧ್ಯಮಾರ್ಗವನ್ನು ಹಿಡಿಯಿತು: ಕಕ್ಷಿದಾರನ ಗುಟ್ಟನ್ನು ಕಾಪಾಡಿಕೊಂಡೇ ವಕೀಲನು ತನ್ನ ಪಕ್ಷವನ್ನು ಸ್ಥಾಪಿಸಬಲ್ಲನಾದರೆ ದಾವೆ ನಡೆಯಬಹುದು; ದಾಖಲೆಗಳನ್ನು ಮುಚ್ಚಿದ ಲಕೋಟೆಯಲ್ಲಿಡುವಂತಹ ಉಪಾಯಗಳೂ ಉಂಟು. ಇದು ಪರಿಪೂರ್ಣವಲ್ಲದಿದ್ದರೂ ಹೆಚ್ಚು ನ್ಯಾಯಸಮ್ಮತ.

ಸಲಹೆಗಾರನನ್ನು ನೇಮಿಸಿಕೊಳ್ಳುವ ಯಾವ ಸಂಸ್ಥೆಯೂ, ದೊಡ್ಡದಿರಲಿ ಚಿಕ್ಕದಿರಲಿ, ತನ್ನನ್ನೇ ಕೇಳಿಕೊಳ್ಳಬೇಕಾದ ಮಾತೊಂದಿದೆ: ನಾವು ಸಂಬಳ ಕೊಡುವುದು ಅವನ ವಿವೇಕಕ್ಕೋ, ಮೌನಕ್ಕೋ?