ಹಿಗ್ಗುವ ಬಟ್ಟೆಗೂ ಅಳತೆ ಬೇಕು

ಹೊಲಿಗೆ ಚೆನ್ನಾಗಿ ಬಲ್ಲ ಹೆಂಗಸರೂ ಹೊಸೈರಿ ಬಟ್ಟೆಯ ಟಾಪ್ ಎಂದರೆ ಅಳತೆಯ ವಿಷಯದಲ್ಲಿ ಉದಾಸೀನ ಮಾಡುತ್ತಾರೆ. ರವಿಕೆಗಾದರೆ ಮೈಯ ಹತ್ತು ಕಡೆ ಟೇಪು ಹಿಡಿಯುವವರು, ಟಾಪಿಗೆ ಎದೆಯ ಸುತ್ತಳತೆ ಒಂದನ್ನೇ ಬರೆದುಕೊಂಡು ಕತ್ತರಿ ಎತ್ತಿಬಿಡುತ್ತಾರೆ. ಕೇಳಿದರೆ ‘ಹಿಗ್ಗೋ ಬಟ್ಟೆ ಅಲ್ವಾ, ಹೇಗೋ ಕೂರುತ್ತೆ ಬಿಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಿಗ್ಗುವುದು ನಿಜ. ಆದರೆ ಒಂದು ಕಡೆ ಸಾಲದ ಬಟ್ಟೆ ಇನ್ನೊಂದು ಕಡೆಯಿಂದಲೇ ಬರಬೇಕು. ಎದೆಗೆ ಸಾಲದಿದ್ದರೆ ಬೆನ್ನಿನಿಂದ, ಕಂಕುಳಿನಿಂದ, ಕೆಳಗಿನ ಅಂಚಿನಿಂದ ಎಳೆದುಕೊಳ್ಳುತ್ತದೆ. ಮೈಮೇಲೆ ಗೆರೆಗೆರೆಯಾಗಿ ಕಾಣುವುದು ಆ ಎಳೆತವೇ. ಒಪ್ಪುವ ಟಾಪಿನ ಗುಟ್ಟು ಭುಜ ಸರಿಯಾಗಿ ಕೂರುವುದರಲ್ಲಿದೆ. ಭುಜಕ್ಕೆ ಸರಿಯಾದ ಅಳತೆಯನ್ನು ಆರಿಸಿಕೊಂಡು, ಉಳಿದ ಕಡೆ ಮೈ ಕೇಳಿದಷ್ಟು ಮಾತ್ರ ಕೂಡಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಈ ವಾರ ಅದರ ಲೆಕ್ಕ.

ಮೊದಲು ಬಟ್ಟೆ. ಮಗ್ಗದ ಬಟ್ಟೆಯಲ್ಲಿ ಹಾಸು ಹೊಕ್ಕಿನ ನೂಲುಗಳು ಒಂದನ್ನೊಂದು ಅಡ್ಡಹಾಯುತ್ತವೆ. ಹೊಸೈರಿ, ಅಂದರೆ ಹೆಣೆದ ಬಟ್ಟೆಯಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಸಾಗುತ್ತದೆ. ಜಗ್ಗಿದರೆ ಕುಣಿಕೆ ಅಗಲವಾಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ. ಮುಂದೆ ಬಹುಕಾಲ ಈ ಬಟ್ಟೆ ಕಾಲುಚೀಲ, ಒಳ ಉಡುಪುಗಳಿಗೇ ಮೀಸಲು ಎಂಬಂತಿತ್ತು. 1916ರ ಹೊತ್ತಿಗೆ ಫ್ರಾನ್ಸಿನ ಕೊಕೊ ಶನೆಲ್ ರೋಡಿಯೆ ಕಂಪನಿಯ ಜೆರ್ಸಿ ಬಟ್ಟೆ ತರಿಸಿ ಹೆಂಗಸರ ಹೊರ ಉಡುಪು ಮಾಡಿದರು. 1958ರಲ್ಲಿ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಸ್ಪ್ಯಾಂಡೆಕ್ಸ್ ನೂಲನ್ನು ರೂಪಿಸಿದರು. ಅಂಗಡಿಯಲ್ಲಿ ಲೈಕ್ರಾ ಎಂದು ಕೇಳುವುದು ಇದನ್ನೇ. ಹತ್ತಿಯ ಜೊತೆ ನೂರಕ್ಕೆ ಐದು ಪಾಲು ಲೈಕ್ರಾ ಇದ್ದರೂ ಸಾಕು, ಜಗ್ಗಿದ ಬಟ್ಟೆ ತನ್ನ ಅಳತೆಗೆ ಮರಳುತ್ತದೆ. ಟಾಪು ಮೊಣಕೈಯಲ್ಲಿ, ಕೆಳ ಅಂಚಿನಲ್ಲಿ ಜೋಲುಬೀಳದೆ ಉಳಿಯುವುದು ಈ ಗುಣದಿಂದ.

ಹೊಸೈರಿಗೆ ಹೆಸರಾದ ಊರು ತಮಿಳುನಾಡಿನ ತಿರುಪ್ಪೂರು. ಈ ಬಟ್ಟೆಯನ್ನು ಅನೇಕ ಕಡೆ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಚದರ ಮೀಟರಿಗೆ 180 ಗ್ರಾಂ ತೂಗುವ, 72 ಇಂಚು ಅಗಲದ ಬಟ್ಟೆ ಕಿಲೋಗೆ ಸುಮಾರು 3 ಮೀಟರ್ ಬರುತ್ತದೆ. ಟಾಪಿಗೆ 180ರಿಂದ 220 ಗ್ರಾಂ ತೂಕದ್ದು ಹಿತ. ಅದಕ್ಕಿಂತ ತೀರಾ ತೆಳುವಾದದ್ದು ಒಳ ಉಡುಪಿನ ಪಟ್ಟಿಯನ್ನೂ ಮೈಯ ಪ್ರತಿ ಮಡಿಕೆಯನ್ನೂ ಎತ್ತಿ ತೋರಿಸುತ್ತದೆ. ಕೊಳ್ಳುವಾಗ ಬಟ್ಟೆಯ ಅಡ್ಡಕ್ಕೆ 4 ಇಂಚು ಹಿಡಿದು ಜಗ್ಗಿ ನೋಡಿ. ಸಲೀಸಾಗಿ 6 ಇಂಚಿಗೆ ಬಂದರೆ ಹಿಗ್ಗು ಶೇಕಡಾ 50. 5 ಇಂಚಿಗೇ ನಿಂತರೆ 25. ಬಿಟ್ಟ ತಕ್ಷಣ ಅದು 4 ಇಂಚಿಗೇ ಮರಳಬೇಕು. ಮರಳದ ಬಟ್ಟೆ ಎಷ್ಟು ಚೆಂದವಿದ್ದರೂ ಬೇಡ. ತಂದ ಬಟ್ಟೆಯನ್ನು ಒಗೆದು, ಹರಡಿ ಒಣಗಿಸಿದ ಮೇಲೇ ಕತ್ತರಿ ಹಾಕಿ. ಹತ್ತಿಯ ಹೆಣಿಗೆ ಉದ್ದದಲ್ಲಿ ಚೆನ್ನಾಗಿಯೇ ಕುಗ್ಗುತ್ತದೆ.

ಇನ್ನು ಅಳತೆ. ಎರಡು ಸಂಖ್ಯೆಗಳು ಮುಖ್ಯ. ಒಂದು ಮೇಲೆದೆ: ಟೇಪು ಬೆನ್ನಿನಿಂದ ಬಂದು ಕಂಕುಳ ಕೆಳಗೆ ಹಾದು ಎದೆಯ ಉಬ್ಬಿನ ಮೇಲುಗಡೆ ಕೂಡಬೇಕು. ಇನ್ನೊಂದು, ಎದೆಯ ಅತಿ ತುಂಬಿದ ಕಡೆಯ ಸುತ್ತಳತೆ. ನಮ್ಮ ರವಿಕೆಯ ಟೈಲರುಗಳು ಇವೆರಡನ್ನೂ ಬೇರೆಬೇರೆಯಾಗಿಯೇ ಬರೆದುಕೊಳ್ಳುತ್ತಾರೆ. ಅವರ ರವಿಕೆ ಭುಜದಲ್ಲಿ ಕಚ್ಚಿ ಕೂರುವುದು ಅದಕ್ಕೇ. ಮೈ ತುಂಬಿದಂತೆ ಎದೆ, ಹೊಟ್ಟೆಗಳ ಸುತ್ತಳತೆ ಬೇಗ ಬೆಳೆಯುತ್ತದೆ, ಭುಜದ ಮೂಳೆ ಮಾತ್ರ ಇದ್ದಷ್ಟೇ ಇರುತ್ತದೆ. ಅಮೆರಿಕದ ಟಿವಿಯಲ್ಲಿ 1982ರಿಂದ ದಶಕಗಟ್ಟಲೆ ಹೊಲಿಗೆ ಹೇಳಿಕೊಟ್ಟ ನ್ಯಾನ್ಸಿ ಝೀಮನ್ ಅವರ ಪಾಠದ ತಳಹದಿಯೂ ಇದೇ. ಎದೆಯ ಮುಂದೆ, ಉಬ್ಬಿನ ಮೇಲೆ, ಒಂದು ಕಂಕುಳ ಮಡಿಕೆಯಿಂದ ಇನ್ನೊಂದರವರೆಗೆ ಅಳೆಯಿರಿ. 14 ಇಂಚು ಬಂದರೆ 14ನೇ ಸೈಜಿನ ಪ್ಯಾಟರ್ನ್, ಅರ್ಧ ಇಂಚು ಏರಿದರೆ ಒಂದು ಸೈಜು ಮೇಲೆ, ಇಳಿದರೆ ಒಂದು ಸೈಜು ಕೆಳಗೆ ಎನ್ನುತ್ತಿದ್ದರು.

ಒಂದು ಉದಾಹರಣೆ ಹಿಡಿಯೋಣ. ಮೇಲೆದೆ 36 ಇಂಚು, ತುಂಬಿದ ಕಡೆ 40. ಮಾರುಕಟ್ಟೆಯ ವಿದೇಶಿ ಪ್ಯಾಟರ್ನುಗಳಲ್ಲಿ ಹೆಚ್ಚಿನವು ಇವೆರಡಕ್ಕೂ 2 ಇಂಚು ವ್ಯತ್ಯಾಸ ಇಟ್ಟುಕೊಂಡು ಬರೆದವು. ಹಾಗಾಗಿ ಇವರಿಗೆ ಸರಿಹೋಗುವುದು 38 ಇಂಚು ಎದೆಯ ಪ್ಯಾಟರ್ನ್. 40ರದನ್ನು ಆರಿಸಿದರೆ ಎದೆಗೇನೋ ಸಾಲುತ್ತದೆ, ಆದರೆ ಭುಜದ ಹೊಲಿಗೆ ತೋಳಿನ ಮೇಲೆ ಜಾರುತ್ತದೆ, ಕುತ್ತಿಗೆ ಅಗಲಿಸುತ್ತದೆ, ಕಂಕುಳಲ್ಲಿ ಬಟ್ಟೆ ಗುಡ್ಡೆ ಬೀಳುತ್ತದೆ. ಬೇಕಿದ್ದುದು ಎದೆಗೆ 2 ಇಂಚು. ಅದನ್ನು ಮುಂಭಾಗಕ್ಕೆ ಮಾತ್ರ ಕೊಡಬೇಕು. ಮಡಿಕೆಯ ಮೇಲಿಟ್ಟು ಕತ್ತರಿಸುವ ಅರ್ಧ ಪ್ಯಾಟರ್ನಿಗೆ 1 ಇಂಚು.

ಮುಂಭಾಗದ ಪ್ಯಾಟರ್ನನ್ನು ಮೈಗೆ ಹಿಡಿದು ಎದೆಯ ತುದಿ ಬರುವಲ್ಲಿ ಒಂದು ಚುಕ್ಕೆ ಇಡಿ. ಕೆಳ ಅಂಚಿನಿಂದ ಚುಕ್ಕೆಯವರೆಗೆ, ಮಧ್ಯದ ಮಡಿಕೆಗೆ ಸಮನಾಗಿ ಒಂದು ನೇರ ಗೆರೆ. ಚುಕ್ಕೆಯಿಂದ ಆರ್ಮ್‌ಹೋಲಿನ ಕೆಳಭಾಗಕ್ಕೆ ಒಂದು ಓರೆ ಗೆರೆ. ಚುಕ್ಕೆಯಿಂದ ಪಕ್ಕದ ಹೊಲಿಗೆಗೆ ಒಂದು ಅಡ್ಡ ಗೆರೆ. ಮೊದಲ ಎರಡನ್ನು ಒಂದೇ ಓಟದಲ್ಲಿ ಕತ್ತರಿಸಿ, ಆರ್ಮ್‌ಹೋಲಿನ ಅಂಚಿನಲ್ಲಿ ಎಳೆಯಷ್ಟು ಕಾಗದ ಉಳಿಸಿ. ಮೂರನೆಯದನ್ನು ಪಕ್ಕದಿಂದ ಕತ್ತರಿಸುತ್ತ ಬಂದು, ಚುಕ್ಕೆಯ ಹತ್ತಿರವೂ ಹಾಗೇ ಎಳೆಯಷ್ಟು ಬಿಡಿ. ಪಕ್ಕದ ತುಂಡನ್ನು ಹೊರಕ್ಕೆ ಸರಿಸಿ. ಚುಕ್ಕೆಯಿಂದ ಕೆಳ ಅಂಚಿನವರೆಗೆ 1 ಇಂಚಿನ ಸಮನಾದ ಸಂದು ಬಿಟ್ಟು, ಅಡಿಯಲ್ಲಿ ಇನ್ನೊಂದು ಕಾಗದ ಇಟ್ಟು ಅಂಟಿಸಿ. ಪಕ್ಕದ ತುಂಡು ಈಗ ಮಧ್ಯದ ತುಂಡಿಗಿಂತ ಕೆಳಗೆ ಇಳಿದಿರುತ್ತದೆ. ಮಧ್ಯದ ತುಂಡನ್ನು ಎದೆಯ ಕೆಳಗೆ ಅಡ್ಡಕ್ಕೆ ಕತ್ತರಿಸಿ, ಅಷ್ಟೇ ಇಳಿಸಿ, ಅಂಚು ಸಮ ಮಾಡಿ. ಟಾಪಿನ ಮುಂದಿನ ಅಂಚು ಮೇಲೇರದಂತೆ ಕಾಯುವ ಉದ್ದ ಇದು. ಸೊಂಟದಲ್ಲೂ ಕೂಡಿದ ಅಗಲ ಬೇಡವಾದರೆ ಪಕ್ಕದ ಹೊಲಿಗೆಯಲ್ಲಿ ವಾಪಸ್ಸು ತೆಗೆಯಿರಿ.

ಪಕ್ಕದಲ್ಲಿ ತೆರೆದುಕೊಂಡ ತ್ರಿಕೋನ ಉಳಿಯಿತು. ರವಿಕೆಯಾಗಿದ್ದರೆ ಟಕ್ಸ್ ಹಿಡಿಯುತ್ತಿದ್ದೆವು. ಹೆಣೆದ ಬಟ್ಟೆಯಲ್ಲಿ ಅದರ ಬಾಯಿ ಮುಕ್ಕಾಲು ಇಂಚಿನೊಳಗಿದ್ದರೆ ಟಕ್ಸ್ ಬೇಡ. ಬೆನ್ನಿನ ತುಂಡನ್ನು ಎದೆಯ ಮಟ್ಟದಲ್ಲಿ ಹಗುರವಾಗಿ ಜಗ್ಗಿ ಹಿಡಿದು, ಮುಂಭಾಗದ ಹೆಚ್ಚುವರಿ ಉದ್ದವನ್ನು ಅದರೊಳಗೆ ಅಡಗಿಸಿ ಹೊಲಿದರೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಪಕ್ಕದ ಹೊಲಿಗೆಯಲ್ಲಿ ಸಣ್ಣ ಸಣ್ಣ ನೆರಿಗೆ ಹಿಡಿಯಿರಿ. ಓರೆಯಾಗಿ ಇಳಿಯುವ ಆ ನೆರಿಗೆಗಳು ಹೊಟ್ಟೆಯ ಭಾಗವನ್ನೂ ಮರೆಸುತ್ತವೆ. ನನ್ನ ಆಯ್ಕೆ ಯಾವಾಗಲೂ ಅದೇ.

ಹಿಗ್ಗುವ ಬಟ್ಟೆಗೆ 2 ಇಂಚನ್ನೂ ಪೂರ್ತಿ ಕೊಡಬೇಕೆ ಎಂದು ಹಲವರು ಕೇಳುತ್ತಾರೆ. ಕೊಡಲೇಬೇಕು. ಪ್ಯಾಟರ್ನ್ ಬರೆದವರು ಬಟ್ಟೆಯ ಹಿಗ್ಗನ್ನು ಆಗಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಮೈಗೆ ಹತ್ತಿ ಕೂರುವ ಟಾಪಿನ ಸಿದ್ಧ ಅಳತೆ ಎಷ್ಟೋ ಸಲ ಮೈಯ ಅಳತೆಗಿಂತ ಒಂದೆರಡು ಇಂಚು ಕಡಿಮೆಯೇ ಇರುತ್ತದೆ. ಒಂದೇ ಸಂಬಳವನ್ನು ಎರಡು ಸಲ ಖರ್ಚು ಮಾಡಲು ಬರುವುದಿಲ್ಲ, ಹಿಗ್ಗೂ ಹಾಗೆಯೇ.

ಮಿಕ್ಕ ತಿದ್ದುಪಡಿಗಳನ್ನು ತೊಟ್ಟಾಗ ಮೂಡುವ ಎಳೆತದ ಗೆರೆಗಳೇ ಹೇಳುತ್ತವೆ. ಗೆರೆ ಎತ್ತ ಬೊಟ್ಟು ಮಾಡುತ್ತದೋ ಅಲ್ಲಿ ಬಟ್ಟೆ ಸಾಲದು. ಸಡಿಲವಾಗಿ ಮಡಿಕೆ ಬಿದ್ದಲ್ಲಿ ಹೆಚ್ಚಾಗಿದೆ. ಪಕ್ಕದ ಹೊಲಿಗೆ ನೇರ ನಿಲ್ಲದೆ ಮುಂದಕ್ಕೆ ವಾಲಿದರೆ ಮುಂಭಾಗಕ್ಕೆ ಅಗಲ ಬೇಕು. ದಿನವಿಡೀ ಕಂಪ್ಯೂಟರ್ ಮುಂದೆ ಬಾಗಿ ಕೂರುವವರಲ್ಲಿ ಭುಜ ಮುಂದಕ್ಕೆ ಬಂದಿರುತ್ತದೆ. ಭುಜದ ಹೊಲಿಗೆಯನ್ನು ಮುಂಭಾಗದಲ್ಲಿ ಅರ್ಧ ಇಂಚು ಕಳೆದು ಬೆನ್ನಿಗೆ ಅಷ್ಟೇ ಕೂಡಿಸಿ. ಬೆನ್ನಿನ ಸೊಂಟದಲ್ಲಿ ಬಟ್ಟೆ ಅಡ್ಡಡ್ಡ ಕುಸಿದು ಕೂತರೆ, ಬೆನ್ನಿನ ನಡುವೆ ಅರ್ಧ ಇಂಚು, ಪಕ್ಕಕ್ಕೆ ಬರುವಾಗ ಸೊನ್ನೆಯಾಗುವಂತೆ ಅಡ್ಡಕ್ಕೆ ಮಡಿಸಿ ತೆಗೆಯಿರಿ. ಆಗ ನಡುಗೆರೆ ನೇರ ಉಳಿಯದು, ಬೆನ್ನಿಗೆ ನಡುವೆ ಒಂದು ಹೊಲಿಗೆ ಕೊಟ್ಟರೆ ಕೆಲಸ ಸುಲಭ.

ಹೊಲಿಯಲು ಓವರ್‌ಲಾಕ್ ಯಂತ್ರವೇ ಬೇಕೆಂದಿಲ್ಲ. ಬಾಲ್ ಪಾಯಿಂಟ್ ಸೂಜಿ ಮಾತ್ರ ಬೇಕೇ ಬೇಕು. ಸಾಮಾನ್ಯ ಸೂಜಿಯ ಚೂಪು ಮೊನೆ ಕುಣಿಕೆಯನ್ನೇ ಕತ್ತರಿಸಿ ತೂತು ಬೀಳಿಸುತ್ತದೆ. ದುಂಡು ಮೊನೆ ಕುಣಿಕೆಗಳ ನಡುವೆ ನುಸುಳುತ್ತದೆ. ಪಾಲಿಯೆಸ್ಟರ್ ದಾರ ಹಾಕಿ. ಜಿಗ್‌ಜಾಗ್ ಇರುವ ಯಂತ್ರದಲ್ಲಿ ಅಗಲ ಅರ್ಧ ಮಿಲಿಮೀಟರ್, ಉದ್ದ ಎರಡೂವರೆ ಮಿಲಿಮೀಟರ್ ಇಡಿ. ನೇರ ಹೊಲಿಗೆಯ ಹಳೆಯ ಯಂತ್ರವೇ ಇದ್ದರೆ ಪಾದದ ಒತ್ತಡ ಕಡಿಮೆ ಮಾಡಿ, ಬಟ್ಟೆಯನ್ನು ಮುಂದೂ ಹಿಂದೂ ಸ್ವಲ್ಪ ಬಿಗಿ ಹಿಡಿದು ಹೊಲಿಯಿರಿ. ಹೊಲಿಗೆಗೂ ಕೊಂಚ ಹಿಗ್ಗು ದಕ್ಕುತ್ತದೆ. ಭುಜದ ಹೊಲಿಗೆ ಮಾತ್ರ ಹಿಗ್ಗಬಾರದು; ಇಡೀ ಟಾಪಿನ ಭಾರ ಹೊರುವುದು ಅದೇ. ಅಲ್ಲಿ ಕಾಲಿಂಚಿನ ಹತ್ತಿ ಟೇಪು ಸೇರಿಸಿ ಹೊಲಿಯಿರಿ.

ಕುತ್ತಿಗೆ ಪಟ್ಟಿಯ ಲೆಕ್ಕ ಸರಳ. ಕುತ್ತಿಗೆಯ ಸುತ್ತಳತೆಯ ಶೇಕಡಾ 85ರಷ್ಟು ಉದ್ದ, ಜೊತೆಗೆ ಹೊಲಿಗೆಯ ಅಂಚು. ಸುತ್ತಳತೆ 22 ಇಂಚಾದರೆ ಪಟ್ಟಿ ಸುಮಾರು ಹದಿನೆಂಟು ಮುಕ್ಕಾಲು ಇಂಚು. ಪಟ್ಟಿಯನ್ನೂ ಕುತ್ತಿಗೆಯನ್ನೂ ನಾಲ್ಕು ಸಮಭಾಗ ಮಾಡಿ ಗುರುತು ಕೂಡಿಸಿ, ಪಟ್ಟಿಯನ್ನಷ್ಟೇ ಜಗ್ಗುತ್ತ ಹೊಲಿಯಿರಿ. ಕುತ್ತಿಗೆ ಬಾಯಿಬಿಟ್ಟು ನಿಂತರೆ ಪಟ್ಟಿ ಉದ್ದವಾಯಿತು. ಸುತ್ತ ಸುಕ್ಕು ಕಟ್ಟಿದರೆ ಗಿಡ್ಡವಾಯಿತು. ಕೆಳ ಅಂಚಿಗೆ ಜೋಡಿ ಸೂಜಿಯ ಹೊಲಿಗೆ ಅಚ್ಚುಕಟ್ಟು.

ಇಷ್ಟಾದ ಮೇಲೂ ಒಳ್ಳೆಯ ಬಟ್ಟೆಗೆ ನೇರವಾಗಿ ಕೈ ಹಾಕಬೇಡಿ. ಅಷ್ಟೇ ತೂಕದ, ಅಷ್ಟೇ ಹಿಗ್ಗುವ ಅಗ್ಗದ ಬಟ್ಟೆಯಲ್ಲಿ, ತೋಳಿಲ್ಲದೆ, ಉದ್ದುದ್ದ ಹೊಲಿಗೆ ಹಾಕಿ ಒಂದು ಮಾದರಿ ಮಾಡಿ. ತೊಟ್ಟು ಕೈ ಎತ್ತಿ, ಬಾಗಿ, ಕೂತು ನೋಡಿ. ಪಕ್ಕದಿಂದಲೂ ಬೆನ್ನಿನಿಂದಲೂ ಯಾರಾದರೂ ಫೋಟೊ ತೆಗೆಯಲಿ. ಕನ್ನಡಿಯೊಂದರಲ್ಲಿ ಬೆನ್ನು ಕಾಣುವುದಿಲ್ಲ. ಕಂಡ ದೋಷವನ್ನೆಲ್ಲ ಕಾಗದದ ಮೇಲೆ ತಿದ್ದಿ, ತಾರೀಖು ಬರೆದು, ದಪ್ಪ ಕಾಗದದಲ್ಲಿ ಪಡಿಯಚ್ಚು ತೆಗೆದಿಡಿ. ಅದೇ ಹಿಗ್ಗಿನ ಬಟ್ಟೆ ಸಿಕ್ಕಾಗಲೆಲ್ಲ ಆ ಒಂದು ಕಾಗದದಿಂದ ಗುಂಡು ಕುತ್ತಿಗೆ, ವಿ ಕುತ್ತಿಗೆ, ಗಿಡ್ಡ ತೋಳು, ಉದ್ದ ತೋಳು ಏನು ಬೇಕಾದರೂ ಹೊಲಿಯಬಹುದು. ಅಂಗಡಿಯ ಸೈಜಿಗೆ ಮೈ ಹೊಂದಲಿಲ್ಲವೆಂದು ಎಷ್ಟೋ ಹೆಣ್ಣುಮಕ್ಕಳು ತಮ್ಮ ಮೈಯನ್ನೇ ದೂರಿಕೊಳ್ಳುತ್ತಾರೆ. ಹೊಲಿಗೆ ಬಲ್ಲವರಿಗೆ ಆ ಗತಿ ಇಲ್ಲ. ಮುಂದಿನ ಟಾಪಿಗೆ ಕತ್ತರಿ ಎತ್ತುವ ಮೊದಲು ನಿಮ್ಮ ಮೇಲೆದೆಯ ಅಳತೆಯನ್ನೊಮ್ಮೆ ತೆಗೆದುಕೊಳ್ಳಿ, ಪ್ಯಾಟರ್ನಿನ ಸೈಜನ್ನು ಅದರಿಂದಲೇ ಆರಿಸಿ.