ಹಬ್ಬದ ದಿನ ಹೋಟೆಲ್ ಊಟವೇ?

ಹಬ್ಬದ ದಿನ ಮನೆಯ ಒಲೆ ಹಚ್ಚುವುದಿಲ್ಲವೆಂದರೆ ನನಗೆ ಸಾವಿನ ಮನೆಯೇ ನೆನಪಾಗುತ್ತದೆ. ನಮ್ಮಲ್ಲಿ ಒಲೆ ಹಚ್ಚದೆ ಇರುವುದು ಅಂಥ ದಿನ ಮಾತ್ರ ತಾನೆ? ಹಾಗಾಗಿ, ಮಗಳ ಬಾಣಂತನಕ್ಕೆಂದು ಅಮೆರಿಕದ ಒಹಾಯೋಗೆ ಹೋಗಿದ್ದಾಗ ಪಕ್ಕದ ಮನೆಯ ಹಿರಿಯಾಕೆ ಬಂದು, "ಗುರುವಾರ ಥ್ಯಾಂಕ್ಸ್‌ಗಿವಿಂಗ್. ನೀವೆಲ್ಲ ನನ್ನ ಜೊತೆ ಊಟಕ್ಕೆ ಬರಬೇಕು. ರೆಸ್ಟೋರೆಂಟಿನಲ್ಲಿ ಮೇಜು ಕಾದಿರಿಸಿದ್ದೇನೆ" ಎಂದಾಗ ನನ್ನ ಮುಖ ಸಣ್ಣದಾಯಿತು.

ಆಕೆ ಹೋದ ಮೇಲೆ ಮಗಳು ಕೇಳಿದಳು, "ಯಾಕಮ್ಮ ಹಾಗೆ ಮುಖ ಮಾಡಿದೆ?"

"ಇಡೀ ದೇಶಕ್ಕೇ ದೊಡ್ಡ ಹಬ್ಬ ಅಂತೀಯ. ಅವತ್ತೂ ಅಡಿಗೆ ಮಾಡೋಕೆ ಇವರಿಗೆ ಬೇಸರವೇ?"

"ನೀನೂ ಅವರ ಮಗನ ಥರಾನೇ ಮಾತಾಡ್ತೀಯಲ್ಲ!" ಎಂದು ಮಗಳು ನಕ್ಕಳು. ವಿಷಯ ಆಮೇಲೆ ತಿಳಿಯಿತು. 'ಅಮ್ಮ ಮನೆಯಲ್ಲಿ ಅಡಿಗೆ ಮಾಡದಿದ್ದರೆ ಅದೇನು ಹಬ್ಬ?' ಎಂದು ಮಗ ಸಿಟ್ಟು ಮಾಡಿಕೊಂಡು, ಹೆಂಡತಿಯ ತವರಿಗೆ ಹೋಗುವುದಾಗಿ ಹೇಳಿಬಿಟ್ಟಿದ್ದನಂತೆ.

ಮಗನ ಮನಸ್ಸಿನಲ್ಲಿದ್ದ ಹಬ್ಬ ಯಾವುದೆಂದು ನನಗೆ ಗೊತ್ತಾದದ್ದು ಆಕೆಯ ಊಟದ ಕೋಣೆಯ ಗೋಡೆ ನೋಡಿದಾಗ. ಅಲ್ಲೊಂದು ಚಿತ್ರ ತೂಗುಹಾಕಿತ್ತು. ನಾರ್ಮನ್ ರಾಕ್‌ವೆಲ್ ಬರೆದ 'ಕೊರತೆಯಿಂದ ಮುಕ್ತಿ' ಎಂಬ ಪ್ರಸಿದ್ಧ ಚಿತ್ರದ ಪ್ರತಿ. ಅಧ್ಯಕ್ಷ ರೂಸ್‌ವೆಲ್ಟ್ 1941ರ ಜನವರಿಯಲ್ಲಿ ನಾಲ್ಕು ಸ್ವಾತಂತ್ರ್ಯಗಳ ಬಗ್ಗೆ ಭಾಷಣ ಮಾಡಿದರು. ಅದನ್ನಿಟ್ಟುಕೊಂಡು ರಾಕ್‌ವೆಲ್ ನಾಲ್ಕು ಚಿತ್ರ ಬರೆದರು. ಇದು 1943ರ ಮಾರ್ಚ್‌ನಲ್ಲಿ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಅಚ್ಚಾಯಿತು. ಬಿಳಿಯ ಮೇಜುಬಟ್ಟೆ, ಸುತ್ತ ಕೂತು ನಗುವ ಮನೆಮಂದಿ, ತಲೆಯ ಕಡೆ ಬಿಳಿ ಏಪ್ರನ್ ಕಟ್ಟಿದ ಅಜ್ಜಿ ದೊಡ್ಡ ಟರ್ಕಿ ಕೋಳಿಯ ತಟ್ಟೆಯನ್ನು ಇಳಿಸುತ್ತಿದ್ದಾಳೆ. ಹಿಂದೆ ಕಪ್ಪು ಸೂಟಿನ ಅಜ್ಜ.

ಒಳ್ಳೆಯ ಚಿತ್ರವೇ, ಇಲ್ಲವೆನ್ನಲಾರೆ. ಗಾಜಿನ ಲೋಟದ ನೀರಿನಲ್ಲಿ ಬೆಳಕು ಆಡುವುದನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಆದರೆ ಹೆಂಗಸಿನ ಕಣ್ಣಿನಿಂದ ನೋಡಿ. ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹರಟುತ್ತಿದ್ದಾರೆ. ಆ ಭಾರದ ತಟ್ಟೆಗೆ ಕೈ ಕೊಡಲು ಒಬ್ಬರೂ ಎದ್ದಿಲ್ಲ! ಇನ್ನೊಂದು ಸಂಗತಿ ಕೇಳಿ. ಆ ಅಜ್ಜಿಗೆ ಮಾದರಿಯಾಗಿ ನಿಂತವಳು ರಾಕ್‌ವೆಲ್ ಮನೆಯ ಅಡಿಗೆಯಾಕೆ. ಆ ಟರ್ಕಿಯನ್ನು ಬೇಯಿಸಿದವಳೂ ಅವಳೇ. ದೇಶವೇ 'ನಮ್ಮ ಅಜ್ಜಿ' ಎಂದು ಕಣ್ತುಂಬಿಕೊಂಡಾಕೆ ಸಂಬಳಕ್ಕೆ ಅಡಿಗೆ ಮಾಡುತ್ತಿದ್ದ ಹೆಂಗಸು. ಹಾಗಾದರೆ ಆ ಊಟಕ್ಕೂ ಹೋಟೆಲ್ ಊಟಕ್ಕೂ ಇರುವ ದೂರ ಎಷ್ಟು?

ಈ ಹಬ್ಬದ ಹಿಂದೆಯೂ ಹೆಂಗಸರೇ ಇದ್ದಾರೆ. 1621ರಲ್ಲಿ ಪ್ಲಿಮತ್‌ನಲ್ಲಿ ನಡೆದ ಮೂರು ದಿನದ ಸುಗ್ಗಿ ಊಟವೇ ಇದರ ಮೂಲ ಎನ್ನುತ್ತಾರೆ. ವಾಂಪನೋಗ್ ಬುಡಕಟ್ಟಿನ ತೊಂಬತ್ತು ಗಂಡಸರು ಅಲ್ಲಿದ್ದರು. ವಲಸೆ ಬಂದವರ ಪೈಕಿ ಮೊದಲ ಚಳಿಗಾಲವನ್ನು ದಾಟಿ ಉಳಿದಿದ್ದ ಗೃಹಿಣಿಯರು ನಾಲ್ವರೇ. ಅಡಿಗೆಯ ಹೊರೆ ಯಾರ ತಲೆಗೆ ಬಂದಿರಬೇಕು, ನೀವೇ ಊಹಿಸಿ. (ಆ ಬುಡಕಟ್ಟಿನವರಿಗೆ ಇದು ನೆಲ ಕಳೆದುಕೊಂಡ ನೆನಪು. 1970ರಿಂದ ಅವರು ಅದೇ ಊರಿನಲ್ಲಿ ಅದೇ ದಿನ ಶೋಕ ಆಚರಿಸುತ್ತಾರೆ.) ಇಡೀ ದೇಶಕ್ಕೆ ಒಂದೇ ಹಬ್ಬವಾಗಲೆಂದು ವರ್ಷಗಟ್ಟಲೆ ಬರೆದು ಬೇಡಿದಾಕೆ ಸಾರಾ ಜೋಸೆಫಾ ಹೇಲ್. ಐದು ಮಕ್ಕಳ ವಿಧವೆ, 'ಗೋಡೀಸ್ ಲೇಡೀಸ್ ಬುಕ್' ಎಂಬ ಹೆಂಗಸರ ಪತ್ರಿಕೆಯ ಸಂಪಾದಕಿ. ನಮ್ಮ ಮಕ್ಕಳು ಕಾನ್ವೆಂಟಿನಲ್ಲಿ ಹಾಡುವ ಮೇರಿ ಮತ್ತು ಕುರಿಮರಿಯ ಪದ್ಯ ಬರೆದವರೂ ಇವರೇ. ಕೊನೆಗೆ 1863ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಹಬ್ಬವನ್ನು ಘೋಷಿಸಿದರು. ಹೇಲ್ ಪತ್ರಿಕೆಯಲ್ಲಿ ಹಬ್ಬದ ಅಡಿಗೆಗಳೂ ಅಚ್ಚಾಗುತ್ತಿದ್ದವು. ಹೆಂಗಸು ಕೇಳಿ ಪಡೆದ ಹಬ್ಬ ಹೆಂಗಸನ್ನೇ ಅಡಿಗೆಮನೆಗೆ ಕಟ್ಟಿಹಾಕಿತು!

ಕಟ್ಟಿಹಾಕಿತು ಎಂದರೆ ಅತಿಶಯವಲ್ಲ. ಏಳು ಕಿಲೋ ತೂಗುವ ಹೆಪ್ಪುಗಟ್ಟಿದ ಟರ್ಕಿ ಫ್ರಿಜ್ಜಿನೊಳಗೆ ಕರಗಲು ಮೂರು ನಾಲ್ಕು ದಿನ ಬೇಕು. ಓವನ್ನಿನಲ್ಲಿ ಬೇಯಲು ಸುಮಾರು ನಾಲ್ಕು ಗಂಟೆ. ಜೊತೆಗೆ ಸ್ಟಫಿಂಗ್, ಗ್ರೇವಿ, ಕ್ರ್ಯಾನ್‌ಬೆರಿ ಗೊಜ್ಜು, ಗೆಣಸು, ಕುಂಬಳಕಾಯಿ ಪೈ. ಉಣ್ಣುವುದು ಮಾತ್ರ ಅರ್ಧ ಗಂಟೆ. ನಮ್ಮ ಯುಗಾದಿಯ ಹೋಳಿಗೆಯ ಲೆಕ್ಕವೂ ಇಷ್ಟೇ ಅಲ್ಲವೆ?

ಸರಿ, ಮೂರು ತಿಂಗಳ ಕೂಸನ್ನು ಹೊದೆಸಿಕೊಂಡು ಹೊರಟೆವು. ಮಧ್ಯಾಹ್ನ ಎರಡಕ್ಕೇ ಮೇಜುಗಳು ತುಂಬಿದ್ದವು. ನನಗೆ ಆಶ್ಚರ್ಯ. ಇದೇನೂ ಇತ್ತೀಚಿನ ಚಾಳಿಯಲ್ಲ, ಬಿಡಿ. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯಕ್ಕಾಗಿ 1900ರಿಂದ ಫ್ರಾಂಕ್ ಬಟೋಲ್ಫ್ ಎಂಬ ಮಹಿಳೆ (ಹೆಸರು ಗಂಡಸಿನದು, ಆಕೆ ಹೆಂಗಸು) ಸಂಗ್ರಹಿಸಿದ ಸಾವಿರಾರು ಊಟದ ಪಟ್ಟಿಗಳಲ್ಲಿ ಹೋಟೆಲುಗಳ ಥ್ಯಾಂಕ್ಸ್‌ಗಿವಿಂಗ್ ಪಟ್ಟಿಗಳೂ ಇವೆ.

ಊಟ ಹೇಗಿತ್ತು? ನಿಜ ಹೇಳಬೇಕಲ್ಲ. ಸಸ್ಯಾಹಾರಿಯಾದ ನನಗೆ ಸಿಕ್ಕಿದ್ದು ಆಲೂಗೆಡ್ಡೆ, ಬೀನ್ಸು, ಬ್ರೆಡ್ಡು. ಗ್ರೇವಿ ಮುಟ್ಟುವಂತಿರಲಿಲ್ಲ, ಅದು ಟರ್ಕಿಯ ರಸದ್ದು. ಕುಂಬಳಕಾಯಿ ಪೈ ಮಾತ್ರ ಬಾಯಿಗೆ ಹಿತವಾಯಿತು. ಟರ್ಕಿ ಇಡಿಯಾಗಿ ಬರಲಿಲ್ಲ, ತೆಳ್ಳಗೆ ಕೊಯ್ದು ತಟ್ಟೆಯಲ್ಲಿ ಜೋಡಿಸಿ ತಂದರು. ಮನೆ ತುಂಬುವ ಘಮವಿಲ್ಲ. ಮಾರನೆಯ ದಿನ ಬ್ರೆಡ್ಡಿನ ನಡುವೆ ಇಟ್ಟು ತಿನ್ನಲು ಉಳಿಯುವುದೂ ಇಲ್ಲ. ಅದನ್ನು ನೆನೆದು ನಮ್ಮ ಹಿರಿಯಾಕೆಯೇ ನಿಟ್ಟುಸಿರಿಟ್ಟರು. ಮುಂದಿನ ಗುಂಪು ಬಾಗಿಲಲ್ಲಿ ಕಾಯುತ್ತಿತ್ತು. ಮನೆಯ ಹಾಗೆ ಎಲೆ ಮುಂದೆ ಕೂತು ಹಳೆಯ ಕತೆ ಎಳೆಯುವ ಹಾಗಿಲ್ಲ. ಇವೆಲ್ಲ ಹೋಟೆಲ್ ಊಟದ ನಿಜವಾದ ಕೊರತೆಗಳೇ.

ಆದರೆ ನಾನು ಕಂಡದ್ದು ಇನ್ನೊಂದು. ಆ ಹಿರಿಯಾಕೆ ಊಟದುದ್ದಕ್ಕೂ ಒಂದು ಸಲವೂ ಮೇಲೇಳಲಿಲ್ಲ. "ಮದುವೆಯಾಗಿ ನಲವತ್ತೆಂಟು ವರ್ಷ ಈ ದಿನ ನಾನು ಬಿಸಿ ಊಟ ಮಾಡಿಲ್ಲ. ಎಲ್ಲರಿಗೂ ಬಡಿಸಿ ಕೂರುವ ಹೊತ್ತಿಗೆ ನನ್ನದು ಆರಿರುತ್ತಿತ್ತು" ಎಂದರು. ದೂರಾಗಿ ಹೇಳಲಿಲ್ಲ, ಸುಮ್ಮನೆ ಹೇಳಿದರು. ನನಗೆ ತುತ್ತು ಗಂಟಲಲ್ಲಿ ನಿಂತಿತು.

ಬಡಿಸುತ್ತಿದ್ದ ಹೆಣ್ಣುಮಗಳನ್ನು ಮಗಳು ಕೇಳಿದಳು, "ನಿಮ್ಮ ಹಬ್ಬ ಯಾವಾಗ?" "ನಾಳೆ" ಎಂದು ಆಕೆ ನಕ್ಕಳು. ಮಕ್ಕಳಿಗೆ ಶುಕ್ರವಾರವೇ ಗುರುವಾರವೆಂದು ಹೇಳಿದ್ದಾಳಂತೆ! ಒಬ್ಬಳು ಕೂರಬೇಕಾದರೆ ಇನ್ನೊಬ್ಬಳು ನಿಲ್ಲಲೇಬೇಕೆ? ಹೋಟೆಲಿನಿಂದ ಈ ಪ್ರಶ್ನೆ ತೀರುವುದಿಲ್ಲ, ಕೈ ಬದಲಾಗುತ್ತದೆ ಅಷ್ಟೆ. ಈಕೆಗೆ ಕೂಲಿ ಇದೆ, ಟಿಪ್ಸ್ ಇದೆ, ನಾಳೆಯಾದರೂ ಇದೆ. ಚಿತ್ರದ ಅಜ್ಜಿಗೆ ಸಿಗುವುದು ಹೊಗಳಿಕೆ ಮಾತ್ರ. ಮನೆಯಲ್ಲೇ ಉಣ್ಣಬೇಕೆನ್ನುವ ಮಗ ಬಂದು ಟರ್ಕಿಯ ತಟ್ಟೆಗೆ ಒಂದು ಕೈ ಕೊಟ್ಟಿದ್ದರೆ ಆಕೆ ಮೇಜು ಕಾದಿರಿಸುತ್ತಲೇ ಇರಲಿಲ್ಲವೇನೋ.

ಇಷ್ಟೆಲ್ಲ ಹೇಳುವ ನಾನು ಏನು ಮಹಾ? ಆ ವರ್ಷದ ಯುಗಾದಿಗೆ ನನ್ನ ಸೊಸೆ ಹಾಸನದ ಅಂಗಡಿಯಿಂದ ಹೋಳಿಗೆ ತರಿಸಿದಳೆಂದು ಎರಡು ದಿನ ಮುಖ ಕೊಟ್ಟು ಮಾತಾಡಿರಲಿಲ್ಲ. ಆಗ ಅವಳು ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿ ಶಾಲೆಗೆ ಹೋಗಿ ಪಾಠ ಮಾಡಿ ಬರುವವಳು. ಆ ಕೋಪಿಷ್ಠ ಮಗನಿಗೂ ನನಗೂ ಏನು ವ್ಯತ್ಯಾಸ?

ರಾತ್ರಿ ಊರಿಗೆ ಫೋನು ಮಾಡಿದೆ. ಸೊಸೆ ಗಾಬರಿಯಾಗಿ, "ಏನತ್ತೆ, ಈ ಹೊತ್ತಲ್ಲಿ?" ಎಂದಳು.

"ಏನಿಲ್ಲಮ್ಮ, ಬರೋ ಯುಗಾದಿಗೂ ಹೋಳಿಗೆ ಅಂಗಡಿಯಿಂದಲೇ ತರಿಸು. ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ ನಾನು ಮಾಡ್ತೀನಿ. ಬಡಿಸೋದು ನನ್ನ ಮಗ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಕೇಳಿದಳು, "ಅತ್ತೆ, ನೀವು ಹುಷಾರಾಗಿದ್ದೀರಿ ತಾನೆ?"