ಲೋಕವೂ ವರವೂ: ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ವಿಮರ್ಶೆ

ಕ್ರೀಡೆಯನ್ನು ಕಲೆಯ ಪಂಕ್ತಿಯಲ್ಲಿ ಕುಳ್ಳಿರಿಸಿ ನೋಡುವುದು ನಮ್ಮ ವಿದ್ವತ್ಪರಂಪರೆಗೆ ಹೊಸತಲ್ಲ. ವಾತ್ಸ್ಯಾಯನನು ಹೇಳಿದ ಅರವತ್ತನಾಲ್ಕು ಕಲೆಗಳಲ್ಲಿ ದ್ಯೂತಕ್ಕೂ ಸ್ಥಾನವುಂಟು. ಹೀಗಿದ್ದರೂ ವಿಡಿಯೋ ಆಟವೆಂದೊಡನೆ ನಮ್ಮ ಅಧ್ಯಾಪಕರಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಕಂಡುಬರುತ್ತವೆ. ಒಂದು, ಅದು ಹುಡುಗರ ಕಾಲಹರಣ, ವಿಮರ್ಶೆಗೆ ವಸ್ತುವಲ್ಲ ಎಂಬ ತಿರಸ್ಕಾರ. ಇನ್ನೊಂದು, ಅದೆಲ್ಲವೂ ನಮ್ಮ ಪರಮಪದಸೋಪಾನಪಟದಲ್ಲಿಯೇ ಇತ್ತು ಎಂಬ ಅಭಿಮಾನ. ಮೊದಲನೆಯದು ವಸ್ತುವನ್ನು ನೋಡುವುದೇ ಇಲ್ಲ. ಎರಡನೆಯದು ನೋಡುವ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯಕರವೆಂದು ನಮ್ಮ ಭಾವನೆ. ಏಕೆಂದರೆ ಅದು ಹೊಸ ಕೃತಿಗೂ ಅನ್ಯಾಯಮಾಡುತ್ತದೆ, ಹಳೆಯ ಪಟಕ್ಕೂ ಅನ್ಯಾಯಮಾಡುತ್ತದೆ.

ಪ್ರಕೃತ ಲೇಖನಕ್ಕೆ ಆರಿಸಿಕೊಂಡಿರುವುದು ಈ ಜಾತಿಯ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು. ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಸಂಸ್ಥೆ ೧೯೮೫ರ ಸೆಪ್ಟೆಂಬರ್ ೧೩ರಂದು ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’. ಇದರ ರಚನೆಯಲ್ಲಿ ಮುಖ್ಯರಾದವರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಝುಕ. ಸಂಗೀತ ಕೋಜಿ ಕೊಂಡೊ ಅವರದು. ಆಡದವರಿಗಾಗಿ ಅದರ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಮಾರಿಯೊ ಎಂಬ ದಪ್ಪಮೀಸೆಯ ನಲ್ಲಿ ಕೆಲಸದವನು ಪರದೆಯ ಎಡದಿಂದ ಬಲಕ್ಕೆ ಓಡುತ್ತಾನೆ, ಜಿಗಿಯುತ್ತಾನೆ, ವೈರಿಗಳನ್ನು ಮೆಟ್ಟುತ್ತಾನೆ. ಅವನು ಮುಂದುವರಿದಂತೆ ನೆಲವೂ ಆಕಾಶವೂ ಸರಿಯುತ್ತವೆ. ಒಮ್ಮೆ ಎಡಕ್ಕೆ ಸರಿದು ಮರೆಯಾದ ನೆಲಕ್ಕೆ ಮರಳುವಂತಿಲ್ಲ. ಒಟ್ಟು ೮ ‘ಲೋಕ’ಗಳು, ಒಂದೊಂದರಲ್ಲಿ ೪ ಘಟ್ಟಗಳು, ಹೀಗೆ ೩೨ ಘಟ್ಟಗಳು. ಪ್ರತಿ ಲೋಕದ ನಾಲ್ಕನೆಯ ಘಟ್ಟ ಒಂದು ಕೋಟೆ. ಇಟ್ಟಿಗೆಗಳನ್ನು ಕೆಳಗಿನಿಂದ ಗುದ್ದಿದರೆ ಕೆಲವಲ್ಲಿ ನಾಣ್ಯ, ಕೆಲವಲ್ಲಿ ಅಣಬೆ, ಹೂವು, ನಕ್ಷತ್ರ. ಅಣಬೆ ತಾಗಿದರೆ ಮೈ ದೊಡ್ಡದಾಗುತ್ತದೆ; ಹೂವು ದೊರೆತರೆ ಬೆಂಕಿಯ ಉಂಡೆ ಎಸೆಯುವ ಸಾಮರ್ಥ್ಯ ಬರುತ್ತದೆ; ನಕ್ಷತ್ರದಿಂದ ಸ್ವಲ್ಪ ಕಾಲ ವೈರಿಸ್ಪರ್ಶದ ಭಯವಿಲ್ಲ. ಕಥೆಯೆಂದರೆ ಇಷ್ಟೇ: ಅಪಹೃತಳಾದ ರಾಜಕುಮಾರಿಯನ್ನು ಬಿಡಿಸಿ ತರುವುದು.

ಈಗ ಹಳೆಯ ಪಟಗಳ ವಿಷಯ. ಮೈಸೂರು ಜಿಲ್ಲೆಯ ವಿದ್ಯಾರ್ಥಿಗೆ ಈ ವಿಚಾರದಲ್ಲಿ ಒಂದು ವಿಶೇಷ ಸೌಲಭ್ಯವುಂಟು. ಲೋಕಗಳನ್ನು ಹಾಸಿನ ಮೇಲೆ ಬಿಡಿಸಿದ ಎರಡು ಪರಂಪರೆಗಳು ಅವನಿಗೆ ಹತ್ತಿರದಲ್ಲಿಯೇ ಇವೆ. ಮೊದಲನೆಯದು ಮೈಸೂರು ಅರಮನೆಯದು. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ತಮ್ಮ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯನ್ನು ಆಟಗಳಿಗಾಗಿಯೇ ಮೀಸಲಿಟ್ಟರು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳಲ್ಲಿ ಅಂಥ ಹಾಸುಗಳ ಚಿತ್ರಗಳಿವೆ. ಎರಡನೆಯದು ಟಿಬೆಟ್ಟಿನದು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ೧೯೭೨ರಲ್ಲಿ ಟಿಬೆಟ್ಟಿನ ನಿರಾಶ್ರಿತರ ರಬ್‌ಗ್ಯೇಲಿಂಗ್ ವಸತಿ ನೆಲೆಗೊಂಡಿತು. ೧೫ನೆಯ ಶತಮಾನದಲ್ಲಿ ಟಿಬೆಟ್ಟಿನಲ್ಲಿ ಸ್ಥಾಪಿತವಾದ ಗ್ಯೂಮೆ ತಾಂತ್ರಿಕ ವಿದ್ಯಾಪೀಠ ಇಂದು ಅಲ್ಲಿಯೇ ನಡೆಯುತ್ತಿದೆ. ಟಿಬೆಟ್ಟಿನ ದೇವಾಲಯಗಳ ಮುಖಮಂಟಪದಲ್ಲಿ ಭವಚಕ್ರವನ್ನು ಬರೆಯುವುದು ವಾಡಿಕೆ: ಯಮನು ಹಲ್ಲಿನಲ್ಲಿ ಕಚ್ಚಿ ಹಿಡಿದ ಚಕ್ರದಲ್ಲಿ ದೇವ, ಅಸುರ, ಮನುಷ್ಯ, ತಿರ್ಯಕ್, ಪ್ರೇತ, ನರಕ ಎಂಬ ಆರು ಗತಿಗಳು. ಈ ಗತಿಗಳನ್ನೇ ಮನೆಗಳಾಗಿ ಜೋಡಿಸಿ ದಾಳ ಹಾಕಿ ಆಡುವ ಪುನರ್ಜನ್ಮದ ಆಟವೂ ಆ ನಾಡಿನಲ್ಲಿತ್ತು. ಅದನ್ನು ಸಾಕ್ಯ ಪಂಡಿತನು (೧೧೮೨–೧೨೫೧) ರಚಿಸಿದನೆಂಬುದು ಸಂಪ್ರದಾಯದ ಮಾತು.

ಮೇಲ್ನೋಟಕ್ಕೆ ಸಾಮ್ಯ ಹೆಚ್ಚು. ಅಲ್ಲಿಯೂ ಲೋಕಗಳು, ಇಲ್ಲಿಯೂ ಲೋಕಗಳು. ಅಲ್ಲಿ ಏಣಿ, ಇಲ್ಲಿ ಅಣಬೆ. ಅಲ್ಲಿ ಹಾವು, ಇಲ್ಲಿ ಹಳ್ಳ. ಆದರೆ ಸಾಮ್ಯವು ಇಲ್ಲಿಗೇ ನಿಲ್ಲುತ್ತದೆ. ಪರಮಪದದ ಹಾಸಿನಲ್ಲಿ ಏಣಿಗೊಂದು ಹೆಸರುಂಟು, ಹಾವಿಗೊಂದು ಹೆಸರುಂಟು. ದಾನವೋ ಭಕ್ತಿಯೋ ಮೇಲಕ್ಕೊಯ್ಯುತ್ತದೆ, ಕ್ರೋಧವೋ ಲೋಭವೋ ಕೆಳಕ್ಕೆಳೆಯುತ್ತದೆ. ಆಡುವವನು ಅದನ್ನು ಓದಿಕೊಂಡೇ ಏರಬೇಕು, ಓದಿಕೊಂಡೇ ಇಳಿಯಬೇಕು. ಏರುವುದಾಗಲಿ ಇಳಿಯುವುದಾಗಲಿ ಅವನ ಕೈಯಲ್ಲಿಲ್ಲ, ದಾಳದ ಕೈಯಲ್ಲಿದೆ. ಪ್ರಾರಬ್ಧವೆಂಬ ತತ್ತ್ವವನ್ನು ಇದಕ್ಕಿಂತ ಸುಲಭವಾಗಿ ಮಗುವಿಗೆ ತಿಳಿಸುವುದು ಕಷ್ಟ. ಮಾರಿಯೊವಿನಲ್ಲಿ ದಾಳವಿಲ್ಲ. ಹಳ್ಳಕ್ಕೆ ಬಿದ್ದರೆ ಬೆರಳು ತಡವಾಯಿತೆಂದು ಅರ್ಥ. ಪೂರ್ವಜನ್ಮದ ಮಾತು ಅಲ್ಲಿ ಏಳುವುದಿಲ್ಲ. ಅಣಬೆ ಯಾವ ಸದ್ಗುಣದ ಹೆಸರನ್ನೂ ಹೊತ್ತಿಲ್ಲ. ಐತಿಹಾಸಿಕವಾಗಿಯೂ ಇದರ ವಂಶ ಬೇರೆ. ನಾಣ್ಯ ಹಾಕಿ ಆಡುವ ಅಂಗಡಿಯಂತ್ರಗಳಿಂದ ಬಂದದ್ದು ಇದು. ಮಾರಿಯೊವಿನ ಪಾತ್ರವೇ ೧೯೮೧ರ ‘ಡಾಂಕಿ ಕಾಂಗ್’ ಆಟದಿಂದ ಬಂದದ್ದು. ನುಂಗಿದೊಡನೆ ಸ್ವಲ್ಪ ಕಾಲ ಬಲ ಬರುವ ಗುಳಿಗೆ ೧೯೮೦ರ ‘ಪ್ಯಾಕ್‌ಮನ್’ನಲ್ಲಿಯೇ ಉಂಟು. ನಮ್ಮ ಪಟ ಇಂಗ್ಲೆಂಡಿಗೆ ಹೋಗಿ ಹಾವು-ಏಣಿಯ ಆಟವಾದದ್ದು ನಿಜ. ಅಲ್ಲಿಂದ ಕ್ಯೋಟೋಗೆ ದಾರಿ ಎಳೆಯುವುದಕ್ಕೆ ಮಾತ್ರ ಆಧಾರವಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಪರಿಭಾಷೆಯದು. ಈ ಅಣಬೆ, ಹೂವು, ನಕ್ಷತ್ರಗಳಿಗೆ ಇಂಗ್ಲಿಷಿನಲ್ಲಿ ‘ಪವರ್-ಅಪ್’ ಎಂದು ಹೆಸರು. ಕನ್ನಡದಲ್ಲಿ ‘ವರ’ ಎನ್ನಲು ನಾಲಗೆ ತಾನಾಗಿ ಹೊರಳುತ್ತದೆ. ಮಹಿಷಾಸುರನ ಹೆಸರಿನ ಊರಿನಲ್ಲಿ ವರವೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಪುರಾಣದ ವರಕ್ಕೆ ತಪಸ್ಸು ಬೇಕು, ಕೊಡುವ ದೇವತೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಮಾತು ಬೇಕು. ಹಿರಣ್ಯಕಶಿಪು ಕೇಳಿದ್ದು ಒಂದು ದೀರ್ಘ ವಾಕ್ಯ. ಆ ವಾಕ್ಯದಲ್ಲಿ ಉಳಿದ ಬಿರುಕಿನಲ್ಲಿಯೇ ನರಸಿಂಹನು ಬಂದನು. ಮಾರಿಯೊ ತಪಸ್ಸು ಮಾಡುವುದಿಲ್ಲ, ಬೇಡುವುದಿಲ್ಲ, ಕೊಡುವವರನ್ನು ಕಾಣುವುದೂ ಇಲ್ಲ. ಸ್ಪರ್ಶದಿಂದ ಪಡೆಯುತ್ತಾನೆ, ಸ್ಪರ್ಶದಿಂದಲೇ ಕಳೆದುಕೊಳ್ಳುತ್ತಾನೆ. ಆದುದರಿಂದ ‘ವರ’ ಇಲ್ಲಿ ಸಲ್ಲದು. ದೇಹಬಲವನ್ನಷ್ಟೇ ಸೂಚಿಸುವ ‘ಕಸುವು’ ಎಂಬ ನಮ್ಮ ಹಳ್ಳಿಗಳ ಮಾತು ಹೆಚ್ಚು ಒಪ್ಪುತ್ತದೆ. ನಕ್ಷತ್ರವೊಂದಕ್ಕೆ ಮಾತ್ರ ವರದ ಲಕ್ಷಣ ತುಸು ಇದೆಯೆಂದು ಒಪ್ಪಬಹುದು: ಯಾವ ವೈರಿಯಿಂದಲೂ ಸಾವಿಲ್ಲದ ಆ ಗಳಿಗೆಯಲ್ಲಿಯೂ ಹಳ್ಳಕ್ಕೆ ಬಿದ್ದವನು ಸಾಯುತ್ತಾನೆ. ಹಿರಣ್ಯಕಶಿಪುವಿನ ಬಿರುಕು ಇದೇ.

ಕಸುವಿನ ನಡವಳಿಕೆಯನ್ನು ಇನ್ನೂ ಗಮನಿಸಬೇಕು. ಈ ಕೃತಿಯ ಸ್ವಾರಸ್ಯವೆಲ್ಲ ಅಲ್ಲಿದೆ. ಒಂದೇ ಇಟ್ಟಿಗೆ ಸಣ್ಣ ಮೈಯವನಿಗೆ ಅಣಬೆಯನ್ನೂ ದೊಡ್ಡ ಮೈಯವನಿಗೆ ಹೂವನ್ನೂ ಕೊಡುತ್ತದೆ. ಉಳ್ಳವನಿಗೆ ಮತ್ತಷ್ಟು. ಆದರೆ ಹೂವುಳ್ಳವನು ಒಂದು ಪೆಟ್ಟು ತಿಂದರೆ ಅಣಬೆಯ ಸ್ಥಿತಿಗೆ ಇಳಿಯುವುದಿಲ್ಲ. ನೇರವಾಗಿ ಮೊದಲಿನ ಸಣ್ಣ ಮೈಗೇ ಬೀಳುತ್ತಾನೆ. ಏರುವಾಗ ಎರಡು ಮೆಟ್ಟಿಲು, ಇಳಿಯುವಾಗ ಒಂದೇ. ಈ ವೈಷಮ್ಯವನ್ನು ಯಾವ ನೀತಿವಾಕ್ಯವೂ ಇಲ್ಲದೆ ಆಡುವವನ ಎದೆಗೆ ತಟ್ಟಿಸುವ ಕೌಶಲ ಸಾಮಾನ್ಯವಾದದ್ದಲ್ಲ. ಮತ್ತೊಂದು ಅಂಶ: ಹೂವು ಇದ್ದಲ್ಲಿಯೇ ಇರುತ್ತದೆ, ಅಣಬೆಯಾದರೋ ಓಡುತ್ತದೆ, ಹಳ್ಳಕ್ಕೂ ಬೀಳುತ್ತದೆ. ಮೊದಲ ಘಟ್ಟದ ಮೊದಲ ಅಣಬೆ ಬಲಕ್ಕೆ ಹೊರಳಿ, ಕೊಳವೆಗೆ ತಾಗಿ, ಆಟಗಾರನ ಕಡೆಗೇ ತಿರುಗಿ ಬರುತ್ತದೆ. ಅಷ್ಟರಲ್ಲಿ ಗೂಂಬಾ ಎಂಬ ಅಣಬೆಯಾಕಾರದ ವೈರಿಯನ್ನು ಅವನು ಕಂಡಿರುವುದರಿಂದ ಇದಕ್ಕೂ ಹೆದರುತ್ತಾನೆ; ಹೆದರಿ ಜಿಗಿದರೂ ಮೇಲಿನ ಇಟ್ಟಿಗೆ ತಡೆಯುವುದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ತಾಗಿದ ಮೇಲೆ ಸಾವಿಗೆ ಬದಲಾಗಿ ಬೆಳವಣಿಗೆ. ಈ ಎಡೆಯನ್ನು ಬುದ್ಧಿಪೂರ್ವಕವಾಗಿಯೇ ಹೀಗೆ ರಚಿಸಿದುದಾಗಿ ಮಿಯಾಮೊಟೊ ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಒಂದಕ್ಷರದ ಉಪದೇಶವಿಲ್ಲದ ಈ ಪಾಠಕ್ರಮವನ್ನು ಅಧ್ಯಾಪಕರಾದ ನಾವು ಸ್ವಲ್ಪ ಅಸೂಯೆಯಿಂದಲೇ ನೋಡಬೇಕಾಗಿದೆ.

ಹಾಗಾದರೆ ಪುಣ್ಯಕ್ಕೆ ಸಮನಾದದ್ದು ಇಲ್ಲಿ ಇಲ್ಲವೇ? ಉಂಟು, ಅದು ನಾಣ್ಯ. ನಾಣ್ಯ ಕೂಡಿಡತಕ್ಕದ್ದು, ಪೆಟ್ಟು ತಿಂದರೂ ಕಳೆಯದು, ಒಂದು ಜೀವ ಹೋದರೂ ಲೆಕ್ಕ ಉಳಿಯುತ್ತದೆ, ೧೦೦ ಸೇರಿದಾಗ ಇನ್ನೊಂದು ಜೀವ ದೊರೆಯುತ್ತದೆ. ಏಣಿಗೆ ಅಣಬೆಯನ್ನು ಹೋಲಿಸುವವರು ಈ ಸಣ್ಣ ನಾಣ್ಯವನ್ನು ಲಕ್ಷಿಸದೆ ಹೋದದ್ದು ಆಶ್ಚರ್ಯ.

‘ಲೋಕ’ ಎಂಬ ಮಾತಾದರೂ ಸಲ್ಲುವುದೇ? ಭವಚಕ್ರದ ಲೋಕಗಳು ಬರಿಯ ಸ್ಥಳಗಳಲ್ಲ, ಜೀವದ ಅವಸ್ಥೆಗಳು. ಪ್ರೇತಲೋಕಕ್ಕೆ ಹೋದವನು ಪ್ರೇತನಾಗಿಯೇ ಇರುತ್ತಾನೆ, ಅವನಿಗೆ ಗಂಟಲು ಕಿರಿದಾಗುತ್ತದೆ. ಮಾರಿಯೊ ಮೊದಲನೆಯ ಲೋಕದಲ್ಲಿ ಹೇಗೋ ಆರನೆಯದರಲ್ಲಿಯೂ ಹಾಗೆಯೇ. ಇದನ್ನು ನೋಡಿದರೆ ೧೯೮೫ರ ಕೃತಿಯಲ್ಲಿ ಲೋಕವೆಂಬ ಹೆಸರಿಗೆ ಅರ್ಹವಾದದ್ದು ನೀರಿನ ಘಟ್ಟ ಒಂದೇ. ಅಲ್ಲಿ ಓಟಗಾರನು ಈಜುಗಾರನಾಗುತ್ತಾನೆ. ಮೆಟ್ಟಿ ಕೊಲ್ಲುವ ವಿದ್ಯೆ ನಿಷ್ಫಲವಾಗುತ್ತದೆ. ಕೊಂಡೊ ಅವರ ಸಂಗೀತವೂ ಚುರುಕು ನಡೆಯನ್ನು ಬಿಟ್ಟು ಮೂರು ಮಾತ್ರೆಯ ತೂಗುನಡೆಗೆ ಹೊರಳುತ್ತದೆ. ನೆಲಮಾಳಿಗೆಯ ಘಟ್ಟಗಳಲ್ಲಿ ಬಣ್ಣವೂ ರಾಗವೂ ಬದಲಾಗುತ್ತವೆ, ಅಷ್ಟೆ. ಉಳಿದವನ್ನು ಎಡೆಗಳೆಂದು ಕರೆದರೆ ಸಾಕು.

೧೯೮೮ರ ‘ಸೂಪರ್ ಮಾರಿಯೊ ಬ್ರದರ್ಸ್ ೩’ರಲ್ಲಿ ಈ ಕೊರತೆಯನ್ನು ತುಂಬುವ ಪ್ರಯತ್ನವಿದೆ. ಹುಲ್ಲುನೆಲ, ಮರಳುಗಾಡು, ಜಲ, ದೈತ್ಯರ ನಾಡು, ಆಕಾಶ, ಹಿಮ, ಕೊಳವೆ, ಕತ್ತಲೆ ಎಂದು ೮ ಲೋಕಗಳು. ನಮ್ಮ ಚಂಪೂಕವಿಗಳ ಅಷ್ಟಾದಶವರ್ಣನೆಗಳು ನೆನಪಾಗುತ್ತವೆ, ಮತ್ತು ಅವುಗಳ ದೋಷವೂ ಇಲ್ಲಿದೆ: ಸಮುದ್ರವರ್ಣನೆ ಆಯಿತು, ಇನ್ನು ಪರ್ವತವರ್ಣನೆ ಬರಲೇಬೇಕು ಎಂಬ ಕಟ್ಟಳೆ. ಈ ಪಟ್ಟಿಯೇ ಮುಂದೆ ಬಂದ ಅಸಂಖ್ಯ ಆಟಗಳಿಗೆ ರೂಢಿಯಾಯಿತು. ಆದರೂ ಒಂದು ಭೇದವನ್ನು ಹೇಳಬೇಕು. ಹಿಮವನ್ನು ಇಲ್ಲಿ ಬಣ್ಣಿಸುವುದಿಲ್ಲ, ಕಾಲು ಜಾರುತ್ತದೆ. ವರ್ಣನೆಯು ವ್ಯಾಪಾರವಾಗಿ ಪರಿಣಮಿಸುವ ಇಂಥ ಕಡೆಗಳಲ್ಲಿ ಲೋಕವೆಂಬ ಮಾತು ಸಾರ್ಥಕ.

ಇದೇ ಆಟದಲ್ಲಿ ಗುರುಪುರದ ಓದುಗನು ನಿಂತು ನೋಡಬೇಕಾದ ಕಸುವೊಂದಿದೆ. ಜಪಾನಿನ ಜನಪದದಲ್ಲಿ ರೂಪ ಬದಲಿಸುವ ಪ್ರಾಣಿಯೆಂದು ಹೆಸರಾದ ತನುಕಿಯ ವೇಷವನ್ನು ಧರಿಸಿದ ಮಾರಿಯೊ, ಬೇಕಾದಾಗ ಕೆಲವು ಕ್ಷಣ ಕಲ್ಲಿನ ಜಿಝೋ ವಿಗ್ರಹವಾಗಿ ನಿಲ್ಲಬಲ್ಲನು. ಆಗ ವೈರಿಗಳು ಅವನನ್ನು ಮುಟ್ಟಲಾರರು. ಜಿಝೋ ಎಂದರೆ ಬೌದ್ಧರ ಕ್ಷಿತಿಗರ್ಭ ಬೋಧಿಸತ್ತ್ವ. ಟಿಬೆಟ್ಟಿನ ಪರಂಪರೆ ಪೂಜಿಸುವ ಎಂಟು ಮಹಾಬೋಧಿಸತ್ತ್ವರಲ್ಲಿ ಒಬ್ಬನು. ಆರು ಗತಿಗಳ ಜೀವಿಗಳನ್ನು ಉದ್ಧರಿಸುವ ಅವನ ಸಂಕಲ್ಪಕ್ಕಾಗಿ ಜಪಾನಿನಲ್ಲಿ ಆರು ಜಿಝೋ ವಿಗ್ರಹಗಳನ್ನು ಸಾಲಾಗಿ ನಿಲ್ಲಿಸುವ ವಾಡಿಕೆಯುಂಟು. ಇದರಿಂದ ಆಟದಲ್ಲಿ ಬೌದ್ಧದರ್ಶನವಿದೆಯೆಂದು ಸಾಧಿಸಹೊರಟರೆ ಮೊದಲು ಖಂಡಿಸಿದ ಅಭಿಮಾನಕ್ಕೇ ನಾವೂ ಗುರಿಯಾದಂತೆ. ಇಲ್ಲಿರುವುದು ಬಹುಮಟ್ಟಿಗೆ ದಾರಿಬದಿಯ ವಿಗ್ರಹದ ಮೇಲಣ ಸಲಿಗೆ, ನಮ್ಮ ಮಕ್ಕಳು ಊರಬಾಗಿಲ ಹನುಮಂತನೊಡನೆ ತೋರುವಂಥದು. ಆದರೂ ಓಟವೇ ಪ್ರಾಣವಾದ ಕೃತಿಯಲ್ಲಿ ನಿಶ್ಚಲವಾಗಿ ನಿಲ್ಲುವುದೂ ಒಂದು ಕಸುವೆಂದು ಕಲ್ಪಿಸಿದುದು ಪ್ರತಿಭೆಯ ಲಕ್ಷಣವೇ ಸರಿ.

ಸಂಸಾರದ ಕಲ್ಪನೆಗೆ ನಿಜವಾಗಿ ಹತ್ತಿರ ಬರುವ ಎಡೆಗಳು ಮೊದಲ ಆಟದಲ್ಲಿ ಎರಡು. ಕೆಲವು ಕೋಟೆಗಳಲ್ಲಿ ದಾರಿ ತಪ್ಪಿದವನಿಗೆ ತಪ್ಪಿದೆನೆಂಬ ಅರಿವಾಗುವುದಿಲ್ಲ. ಅದೇ ಓಣಿ ಮತ್ತೆ ಮತ್ತೆ ಬರುತ್ತದೆ. ಇನ್ನೊಂದು, ರಚಿಸಿದವರೇ ಉದ್ದೇಶಿಸದೆ ಹುಟ್ಟಿದ ಲೋಕ. ಮೊದಲ ಲೋಕದ ಎರಡನೆಯ ಘಟ್ಟದ ಕೊನೆಯಲ್ಲಿ ಗೋಡೆಯೊಳಗೆ ಉಪಾಯದಿಂದ ನುಸುಳಿ ಕೊಳವೆ ಹೊಕ್ಕವನು, ಕಾರ್ಯಕ್ರಮದ ದೋಷದಿಂದ, ಋಣಸಂಖ್ಯೆಯದೆಂದು ಹೆಸರಾದ ಲೋಕಕ್ಕೆ ಬೀಳುತ್ತಾನೆ. ಅದು ನೀರಿನ ಘಟ್ಟ. ಕೊನೆಯ ಕೊಳವೆ ಮತ್ತೆ ಮೊದಲಿಗೇ ತರುತ್ತದೆ. ಕಾಲ ಮುಗಿದು ಜೀವ ಹೋದರೂ ಮುಂದಿನ ಜನ್ಮ ಅಲ್ಲಿಯೇ. ಪರಮಪದದ ಹಾಸಿನಲ್ಲಿ ಎಂಥ ಹಾವು ನುಂಗಿದವನಿಗೂ ಒಂದು ದಿನ ಏಣಿ ಸಿಕ್ಕಬಹುದು. ಇಲ್ಲಿ ಅದೂ ಇಲ್ಲ.

ಇನ್ನು ಔಚಿತ್ಯದ ಮಾತು. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು (೧೯೫೩) ಓದಿದ ವಿದ್ಯಾರ್ಥಿಗೆ ಕ್ಷೇಮೇಂದ್ರನ ವಾದ ಪರಿಚಿತವೇ. ಈ ಆಟವೆಲ್ಲ ೪೦ ಕಿಲೋಬೈಟುಗಳಲ್ಲಿ ಅಡಗಿದೆ. ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಆಕೃತಿ. ಮೋಡ ಬಿಳುಪು, ಪೊದೆ ಹಸುರು. ಕೊರತೆಯೇ ಇಲ್ಲಿ ಮಿತವ್ಯಯದ ಸೊಗಸಾಗಿದೆ. ಆಡುವವರಲ್ಲಿ ಅನೇಕರಿಗೆ ಅದು ತಿಳಿಯುವುದೂ ಇಲ್ಲ.

ದೋಷವನ್ನೂ ಮುಚ್ಚಿಡಬಾರದು. ನಾಯಿಕೆ ಇಲ್ಲಿ ಕೇವಲ ನೆಪ. ಏಳು ಕೋಟೆಗಳಲ್ಲಿ ಸೇವಕನೊಬ್ಬನು ಕಾಣಿಸಿಕೊಂಡು ಆಕೆ ಬೇರೆ ಕೋಟೆಯಲ್ಲಿರುವಳೆಂದು ತಿಳಿಸುತ್ತಾನೆ. ಎಂಟನೆಯದರಲ್ಲಿ ಆಕೆ ಸಿಕ್ಕಿ, ಇನ್ನೂ ಕಠಿಣವಾಗಿ ಮೊದಲಿಂದ ಆಡೆಂದು ಸೂಚಿಸುತ್ತಾಳೆ. ಅಶೋಕವನದ ಸೀತೆಗೆ ಮಾತಿದೆ, ಕೋಪವಿದೆ, ಹುಲ್ಲುಕಡ್ಡಿಯನ್ನು ನಡುವೆ ಇಟ್ಟು ರಾವಣನನ್ನು ತಿರಸ್ಕರಿಸುವ ತೇಜಸ್ಸಿದೆ. ಈ ರಾಜಕುಮಾರಿಗೆ ಒಂದು ಪ್ರಸಂಗವೂ ಇಲ್ಲ. ೧೯೮೮ರಲ್ಲಿ ಅಮೆರಿಕದಲ್ಲಿ ಬಂದ ಎರಡನೆಯ ಆಟದಲ್ಲಿ ಆಕೆಯನ್ನೇ ಆಡಿಸಬಹುದಾಗಿತ್ತು, ಗಾಳಿಯಲ್ಲಿ ತೇಲುವ ಶಕ್ತಿಯೂ ಆಕೆಗಿತ್ತು. ಮುಂದಿನದರಲ್ಲಿ ಅದನ್ನು ಮತ್ತೆ ಕಿತ್ತುಕೊಳ್ಳಲಾಯಿತು. ಶೃಂಗಾರಕ್ಕೂ ವೀರಕ್ಕೂ ಆಲಂಬನವೇ ದುರ್ಬಲವಾದುದರಿಂದ ಇಲ್ಲಿ ನಿಲ್ಲುವುದು ಅದ್ಭುತ, ಅದರ ಬೆನ್ನಿಗೆ ಸ್ವಲ್ಪ ಹಾಸ್ಯ.

ಆಗಬೇಕಾದ ಕೆಲಸವೊಂದು ಉಳಿದಿದೆ. ಮೈಸೂರಿನ ಪರಮಪದದ ಹಾಸನ್ನೂ ಟಿಬೆಟ್ಟಿನ ಪುನರ್ಜನ್ಮದ ಹಾಸನ್ನೂ ಮನೆಮನೆಯಾಗಿ ಹೋಲಿಸಿ, ಯಾವ ಲೋಕದಿಂದ ಯಾವ ಲೋಕಕ್ಕೆ ದಾರಿಯುಂಟು, ಎಲ್ಲಿ ಇಲ್ಲ ಎಂಬುದನ್ನು ಗುರುತಿಸಬೇಕು. ಗುರುಪುರದ ವಿಹಾರಗಳಲ್ಲಿ ಟಿಬೆಟನ್ ಲಿಪಿಯ ಬರಹಗಳನ್ನು ಬಿಡಿಸಿ ಹೇಳಬಲ್ಲವರಿದ್ದಾರೆ. ಹುಣಸೂರಿನ ಕಾಲೇಜು ವಿದ್ಯಾರ್ಥಿಗೆ ಅದು ಒಂದು ಬೆಳಗಿನ ಪ್ರಯಾಣ.